ಹೆಸರುಂಟು, ಆಳಿಲ್ಲ

ಶಿಡ್ಲಘಟ್ಟದಲ್ಲಿ ಬೆಳಗಿನ ಐದಕ್ಕೇ ಬಾಯ್ಲರ್ ಕೆಮ್ಮುತ್ತದೆ.
ಕೆಳಗೆ ಅತಾವುಲ್ಲಾ ಸಾಹೇಬರ ಫಿಲೇಚರ್, ಮೇಲೆ ನನ್ನ ಕೋಣೆ;
ಬೆಂದ ಹುಳುವಿನ ವಾಸನೆ ಮೆಟ್ಟಿಲು ಹತ್ತಿ ಬಂದು
ಕೀಬೋರ್ಡಿನ ಸಂದಿಯಲ್ಲಿ ಕೂತುಬಿಟ್ಟಿದೆ, ಬಾಡಿಗೆ ಕೊಡದೆ.

ಕೆಲಸ ಇಷ್ಟೇ: ಬೇಸಿನ್ನಿನ ನೀರು ಎಷ್ಟು ಕಾದಿದೆ ಎಂದು
ಪುಟ್ಟ ಪರದೆಯ ಮೇಲೆ ತೋರಿಸಬೇಕು.
ಅಳೆಯುವ ಲೈಬ್ರರಿ ಚಿಂತಾಮಣಿಯ ಗಂಗುಲಪ್ಪ ಮೇಷ್ಟ್ರದ್ದು,
ಹಳೇ ಸಿ, ದಾರ ಕಟ್ಟಿದ ಪೆನ್‌ಡ್ರೈವಿನಲ್ಲಿ.
ಫಂಕ್ಷನ್ನಿಗೆ ಅವರಿಟ್ಟದ್ದು
ಇಂಗ್ಲಿಷ್ ಅಕ್ಷರ ತೊಟ್ಟ ಕನ್ನಡದ ಹೆಸರು: ನೀರು_ಬಿಸಿ.
ಹೆಡರ್ ಸೇರಿಸಿದೆ. ಕಂಪೈಲರ್ ತಲೆಯಾಡಿಸಿತು.
ಲಿಂಕರ್ ಆಡಿಸಲಿಲ್ಲ.

ಹಾಜರಿ ಪುಸ್ತಕ ಹಿಡಿದ ಮೇಸ್ತ್ರಿ ಅವನು.
ನೀರು_ಬಿಸಿ? ಎಂದು ಕೂಗಿದ.
ಯಾರೂ ಓ ಅನ್ನಲಿಲ್ಲ.
ಹೆಸರುಂಟು, ಆಳಿಲ್ಲ, ಎಂದು ಕೆಂಪಿನಲ್ಲಿ ಬರೆದು
ಎದ್ದು ಹೋದ.

ಫೋಲ್ಡರ್ ತೋರಿಸಿದೆ. ದಾರಿ ಬರೆದುಕೊಟ್ಟೆ.
ಕಟ್ಟಿದ್ದನ್ನೆಲ್ಲ ಅಳಿಸಿ ಮತ್ತೆ ಕಟ್ಟಿದೆ.
ಲೈಬ್ರರಿಯನ್ನು ಸಾಲಿನ ಮುಂದಕ್ಕೆ ತಂದು, ಅಲ್ಲೂ ತಪ್ಪಿದೆ.
ಲಿಂಕರ್ ನಡೆಯುವುದು ಒಂದೇ ಸಲ, ಎಡದಿಂದ ಬಲಕ್ಕೆ;
ಕೊಳ್ಳುವವರು ಬರುವ ಮೊದಲೇ ಗೂಡು ಹರವಿ ಕೂತರೆ
ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವ ಕಾಯುತ್ತಾನೆಯೆ?
ಬೇಡಿಕೆ ಮೊದಲು, ಬುಟ್ಟಿ ಆಮೇಲೆ.
ಬುಟ್ಟಿಯನ್ನು ಕೊನೆಗಿಟ್ಟೆ.
ಆದರೂ ಅದೇ ಕೆಂಪು ಸಾಲು.

ಮಂಗಳವಾರ ಸಂಜೆ, ಕರೆಂಟು ಹೋಗಿ ಬಂದ ಮೇಲೆ,
ನಾನೊಂದು ಸುಳ್ಳು ಬರೆದೆ.
ಅದೇ ಹೆಸರಿನ ಖಾಲಿ ಫಂಕ್ಷನ್, ನನ್ನ ಕೈಯದೇ:
ಯಾರು ಕೇಳಿದರೂ ನಲವತ್ತು ಅನ್ನು, ಸಾಕು.
ಮೇಸ್ತ್ರಿ ಕೂಗಿದ. ಓ ಎಂದಿತು ಸುಳ್ಳು.
ಒಳಗೆ ಮೈಯಿದೆಯೋ ಬರೀ ಅಂಗಿಯೋ, ಅವನಿಗೇಕೆ?
ಹಾಜರಿ ಹಾಕಿ ಮುಂದೆ ನಡೆದ.
ಅಸಲಿ ಆಳು ಬುಟ್ಟಿಯೊಳಗೆ ನಿದ್ದೆಯಲ್ಲೇ ಉಳಿದ.

ಬುಧವಾರ ತಬಸ್ಸುಮಳ ಬೇಸಿನ್ನಿನಲ್ಲಿ
ಎಳೆ ಹರಿದದ್ದು ಹದಿನೇಳು ಸಲ.
ಒಂಬತ್ತಕ್ಕೆ ನಲವತ್ತು, ಹನ್ನೆರಡಕ್ಕೆ ನಲವತ್ತು.
ಸಾಹೇಬರು ಎರಡು ಬೆರಳು ಅದ್ದಿ, ಥಟ್ಟನೆ ತೆಗೆದು,
ಪರದೆ ನೋಡಿದರು, ನನ್ನ ನೋಡಿದರು.
‘ಈ ನಲವತ್ತಕ್ಕೇ ನನ್ನ ಕೈ ಸುಟ್ಟಿತಲ್ಲ, ಮೇಡಂ’
ಅಂದರು. ಬೈಯಲಿಲ್ಲ.
ಬೈದಿದ್ದರೆ ಇಳಿದುಹೋಗುತ್ತಿತ್ತು.
ಬಾಯ್ಲರ್ ಆರಿಸಿದ ಮೇಲೂ ಪರದೆ ನಲವತ್ತೆನ್ನುತ್ತಲೇ ಇತ್ತು.

ರಾತ್ರಿ ಸುಳ್ಳನ್ನು ಅಳಿಸಿದೆ. ಕೆಂಪು ಸಾಲು
ಹಳೇ ನೆಂಟನ ಹಾಗೆ ಚೀಲ ಸಮೇತ ಬಂತು.
ಈ ಸಲ ಜಗಳವಾಡದೆ, ಎರಡೂ ಕಡೆಯ ಹೆಸರಿನ ಪಟ್ಟಿ ತೆಗೆಸಿ
ಪಕ್ಕಪಕ್ಕ ಇಟ್ಟು, ಬೆರಳಿಟ್ಟು ಓದಿದೆ.
ಮೇಷ್ಟ್ರ ಪಟ್ಟಿಯಲ್ಲಿ ನೀರು_ಬಿಸಿ, ಬರಿಗಾಲಿನಲ್ಲಿ.
ನನ್ನದರಲ್ಲಿ ಮುಂದೆ ಅಡಿಗೆರೆ, ಝಡ್, ಹತ್ತು;
ಹಿಂದೆ ಒಂದು ಐ, ಬಾಲದ ಹಾಗೆ.
ಸಿ ಪ್ಲಸ್ ಪ್ಲಸ್ ಮನೆಯಲ್ಲಿ ಗೋತ್ರ ಸೇರಿಸದೆ ಯಾರನ್ನೂ ಕರೆಯುವುದಿಲ್ಲ:
ಹತ್ತಕ್ಷರದವನು, ಪೂರ್ಣಾಂಕ ಹಿಡಿದು ಬರುವವನು, ಹೀಗೆ.
ಕರೆದದ್ದು ಅವನನ್ನೇ. ಅದು ತನ್ನ ಹೆಸರೆಂದು
ಅವನಿಗೆ ತಿಳಿಯಲಿಲ್ಲ, ಅಷ್ಟೆ.
(ಸಾಹೇಬರು ರೇಷನ್ ಕಾರ್ಡಿನಲ್ಲಿ ಅತ್ತಾವುಲ್ಲ,
ಬ್ಯಾಂಕಿನಲ್ಲಿ ಅತಾ ಉಲ್ಲಾ ಖಾನ್.
ಸಬ್ಸಿಡಿ ಮೂರು ವರ್ಷ ಅವರನ್ನು ಊರಲ್ಲೇ ಹುಡುಕಿತು.)

ಹೆಡರಿನ ಸುತ್ತ ಒಂದು ಆವರಣ ಕಟ್ಟಿದೆ:
ಇವರು ಸಿ ಮನೆಯವರು,
ಇದ್ದ ಹೆಸರಿನಿಂದಲೇ ಕರೆಯಿರಿ.
ಒಂದೇ ಸಾಲು. ಆರು ದಿನ.

ಲಿಂಕರ್ ಏನೂ ಹೇಳಲಿಲ್ಲ.
ಭೇಷ್ ಅನ್ನುವ ಅಭ್ಯಾಸ ಅವನಿಗಿಲ್ಲ.

ಬೆಳಿಗ್ಗೆ ಇಳಿದು ಹೋದೆ. ತಬಸ್ಸುಮ್
ಹರಿದ ಎಳೆಯ ತುದಿ ಹುಡುಕುತ್ತಿದ್ದಳು;
ಬಿಸಿನೀರಲ್ಲಿ ನೂರು ಗೂಡು, ತುದಿ ಸಿಗುವತನಕ ಎಲ್ಲ ಒಂದೇ ಮುಖ.
ಪರದೆ ಐವತ್ತೆಂಟು ಅಂದಿತು,
ಐವತ್ತೇಳು,
ಮತ್ತೆ ಐವತ್ತೆಂಟು.
ನಿಜದ ನೀರು ಒಂದೇ ಅಂಕಿಯ ಮೇಲೆ ಕೂರುವುದಿಲ್ಲ.
‘ತಣ್ಣೀರು ಬಿಡು’ ಎಂದೆ.

ಕೊಳಾಯಿ ತಿರುಗಿಸುತ್ತ ಕೇಳಿದಳು:
‘ನಿನ್ನೆ ಯಾಕಕ್ಕಾ ಸುಳ್ಳು ಹೇಳ್ತಾ ಇತ್ತು ಅದು?’
‘ಅದಲ್ಲ, ನಾನು’ ಎಂದೆ.
ರಾಟೆಗಳ ಸದ್ದಿನಲ್ಲಿ
ಕೇಳಿಸಿತೋ ಇಲ್ಲವೋ.