ಸೊನ್ನಿ

ಮೂರನೇ ಗೇಟಿನ ಹತ್ರ, ಪೆಟ್ರೋಲ್ ಪಂಪಿನ ಬಾಜೂಕ
ಹದಿನೆಂಟು ವರ್ಷದಿಂದ ನಿಂತೈತಿ ನನ್ನ ಓಮ್ನಿ.
ಬೆನ್ನ ಮ್ಯಾಲ ಹಸಿರು ಅಕ್ಷರ: ಹೊಗೆ ತಪಾಸಣಾ ಕೇಂದ್ರ.
ಹೊಟ್ಟ್ಯಾಗ ಒಂದು ಮಷೀನು, ಒಂದು ಪ್ರಿಂಟರು,
ಮಡಚೋ ಕುರ್ಚಿ, ಅದರ ಮ್ಯಾಲ ನಾನು.

ನಳಿಗಿ ಸೈಲೆನ್ಸರಿನೊಳಗ ಒಂದು ಗೇಣು ಹೋಗಬೇಕು.
ನಾ ನಾಕ ಬಟ್ಟು ಹಾಕತಿದ್ದೆ,
ಇಪ್ಪತ್ತು ರೂಪಾಯಿ ಹೆಚ್ಚಿಗಿ ಕೊಟ್ಟೋರಿಗೆ ಎರಡು.
ನಂಬರಿನ ಫೋಟೋ, ಒಂದು ಚೀಟಿ, ಮುಗೀತು.
ದಸ್ತಗೀರ ಮುಲ್ಲಾನ ಟೆಂಪೋ
ಫೌಂಡ್ರಿಯ ಎರಕಾ ಹೊತಗೊಂಡು ಉಸಿರು ಬಿಟ್ರ
ಹಿಂದಿನ ಸೈಕಲ್‌ನವ ಕಾಣತಿರಲಿಲ್ಲ.
ಅದೂ ಪಾಸ್. ಆರ ತಿಂಗಳಿಗೊಮ್ಮೆ ಪಾಸ್.

ಡಿಸೆಂಬರಿನ ಎರಡನೇ ಸೋಮವಾರ
ಯಾರಿಗೂ ಎಳ್ಳೂರ ಗುಡ್ಡ ಕಾಣಲಿಲ್ಲ.
ಮಂಜ ಅಂದ್ರು. ಮಂಗಳವಾರನೂ ಮಂಜ ಅಂದ್ರು.
ಬುಧವಾರ ಮೊಬೈಲಿನಾಗ ಆದೇಶ ಬಂತು:
ತುರ್ತು. ಹದಿನೈದು ವರ್ಷ ದಾಟಿದ ವಾಹನ ರಸ್ತೆಗಿಳಿಯುವಂತಿಲ್ಲ.
ಇಳಿದರೆ ಹತ್ತು ಸಾವಿರ. ಮುಂದಿನ ಆದೇಶದವರೆಗೆ.

ಚೀಟಿ ಹಿಡಕೊಂಡು ಜನ ನನ್ನ ಕಡೇನ ಬಂದ್ರು.
ಸುಗಂಧಾಬಾಯಿ ಚೌಗಲೆ, ಗಂಡನ ಚೇತಕ್ ಮ್ಯಾಲ
ನಲವತ್ತು ಮನಿಗೆ ಊಟದ ಡಬ್ಬಿ ಮುಟ್ಟಸಾಕಿ:
"ನೀನ ಕೊಟ್ಟೀಯಲ್ಲೋ ಪಾರಿಸಾ, ಸಹಿ ನಿಂದ ಐತಿ."
ನಾ ಕೊಟ್ಟದ್ದರಾಗ ಖರೇ ಚೀಟಿ ಒಂದಿದ್ರ ಅದು ಆಕಿದು.
ಪೊಲೀಸ ಹೊಗಿ ಕೇಳಲಿಲ್ಲ,
ಇಸವಿ ಕೇಳಿದ.
ಉದ್ಯಮಬಾಗದ ಕಡೆ ಚಿಮಣಿ ತನ್ನ ಪಾಡಿಗೆ ತಾ ಸೇದತಿತ್ತು.
ಅದಕ್ಕ ನಂಬರ್ ಪ್ಲೇಟ್ ಇಲ್ಲ.

ಆಮ್ಯಾಲ ಓಮ್ನಿ ಕಡೆ ತಿರುಗಿದ. "ಇದು?"
"ಸಾಹೇಬ್ರ, ಇದು ತಪಾಸಣಾ ಗಾಡಿ."
"ಇಸವಿ?"
"ಎರಡು ಸಾವಿರದ ನಾಕು."
ನಕ್ಕ. ಕೆಟ್ಟಾಂವ ಅಲ್ಲ ಪಾಪ,
ಮೂಗಿಗೆ ಕಟ್ಟಿದ ವಸ್ತ್ರ ಕರ್ರಗಾಗಿತ್ತು.
"ಇಂಜಿನ್ ಚಾಲೂ ಮಾಡಿದ್ರ ದಂಡ. ದೂಡಿದ್ರ ನಾ ನೋಡಿಲ್ಲ."

ದೂಡಿದಿವಿ, ಮಜಗಾವಿತನಕ.
ಎಡಕ್ಕ ದಸ್ತಗೀರ, ಬಲಕ್ಕ ಸುಗಂಧಾಬಾಯಿ, ಸ್ಟೇರಿಂಗಿಗೆ ನಾ.
ಏರಿನಾಗ ದಸ್ತಗೀರ ನಿಂತು ಕೆಮ್ಮಿದ,
ಬಾಗಿಲ ಹಿಡಕೊಂಡು ಕೆಮ್ಮಿದ.
ಅದು ಎಲ್ಲಿಂದ ಬಂತಂತ ಇಬ್ಬರಿಗೂ ಗೊತ್ತಿತ್ತು.
"ಥಂಡಿ," ಅಂದ ಅಂವಾ.
"ಹೌದು, ಥಂಡಿ," ಅಂದೆ ನಾ.

ಗುರುವಾರ. ಶುಕ್ರವಾರ.
ಕೋಕ್ ತರೋ ಲಾರಿ ಬರದ ಚಿಮಣಿನೂ ತಣ್ಣಗಾತು.
ಸುಗಂಧಾಬಾಯಿ ನಡಕೋತ ಹೋಗಿ ಮುಟ್ಟಿದ್ದು ಹದಿಮೂರು ಮನಿ;
ಉಳದೋರು ಬ್ಯಾರೆ ಕಡೆ ಡಬ್ಬಿ ಹಚ್ಚಕೊಂಡ್ರು.
ಶನಿವಾರ ಮುಂಜಾನೆ ಮಾಳಿಗಿ ಏರಿದ್ರ
ಎಳ್ಳೂರ ಗುಡ್ಡ, ಗುಡ್ಡದ ಮ್ಯಾಲ ಕೋಟಿ,
ಕೋಟಿಯ ಕಲ್ಲು ಕಲ್ಲೂ ಎಣಸಬಹುದಿತ್ತು.
ಇಷ್ಟ ಹತ್ರ ಇತ್ತೇನು ಅದು?

ಕೈಗೆ ಕೆಲಸಿಲ್ಲದ ಮಷೀನ್ ಹಚ್ಚಿದೆ.
ಅದಕ್ಕೊಂದು ಚಟ: ಎಚ್ಚರಾದ ಕೂಡ್ಲೆ
ಸುತ್ತಲಿನ ಗಾಳಿ ಒಂದು ಗುಟುಕು ಎಳಕೊಂಡು
ಅದನ್ನ ಸೊನ್ನಿ ಅಂತ ಬರಕೋತೈತಿ.
ಹದಿನೆಂಟು ವರ್ಷ ಅದು ಸೊನ್ನಿ ಅಂದದ್ದು
ಮೂರನೇ ಗೇಟಿನ ಗಾಳಿಗೆ.
ಆ ಸೊನ್ನಿ ಮ್ಯಾಲ ನಾ ಕೂಡಿಸಿದ್ದು, ಕಳದದ್ದು, ಸಹಿ ಹಾಕಿದ್ದು.
ಇವತ್ತ ದೀಪ ಮಿಣುಕಿತು, ನಿಂತಿತು, ಮತ್ತ ಮಿಣುಕಿತು,
ಪರವೂರ ಬಾನಿಗೆ ಬಾಯಿ ಹಚ್ಚಿದ ಎತ್ತಿನಂಗ
ಅನುಮಾನ ಮಾಡಿ ಮಾಡಿ ಕುಡೀತು.

ಸೋಮವಾರ ಆದೇಶ ಹಿಂದಕ್ಕ ತಗೊಂಡ್ರು.
ಶನಿವಾರದಿಂದ ನಾ ಮಷೀನ್ ಆರಿಸಿಲ್ಲ.
ಮೊದಲ ಬಂದಾಂವ ದಸ್ತಗೀರ, ನಮ್ಮ ಅಂಗಳಕ್ಕ,
ಅವನ ಚೀಟಿ ಮುಗದೈತಿ.
ನಳಿಗಿ ಹಾಕಿದೆ, ಪೂರ್ತಿ ಒಂದು ಗೇಣು.
"ಏನು ಪಾರಿಸಣ್ಣ, ಅಳತಿ ಬದಲಾತೇನು?"

ಅಂಕಿ ಏರಾಕ ಹತ್ತೇತಿ. ಇನ್ನೂ ನಿಂತಿಲ್ಲ.
ದಸ್ತಗೀರ ಕಿಸೇದಾಗ ಕೈ ಹಾಕ್ಯಾನ,
ಇಪ್ಪತ್ತರ ನೋಟಿಗೋ, ಕರವಸ್ತ್ರಕ್ಕೋ,
ಗೊತ್ತಾಗವಲ್ದು.