ಎರಡು ಜಗ್ಗು

ಮುತ್ತು ಎಂದರೆ ಅಲ್ಲೂ ಮುತ್ತೇ.
ಆ ಒಂದು ಪದವನ್ನೇ ಬಂಡವಾಳ ಮಾಡಿಕೊಂಡು
ತೂತುಕುಡಿಯ ಬೀದಿ ಬೀದಿ ಕೇಳುತ್ತ ಹೋದೆ.
ಮೊದಲ ಅಂಗಡಿಯವನು ತಟ್ಟೆ ತುಂಬ ಸುರಿದು
ಹೈದರಾಬಾದಿನ ಸರಕು ಸಾರ್, ಅಸಲಿ, ಎಂದ.
ಎರಡನೆಯವನು ನಕ್ಕ.
ಮೂರನೆಯದು ಬೇಕರಿ.

ಕಾಲು ಕಿಲೋ ಮಕ್ರೂನು ಕಟ್ಟಿಸಿಕೊಂಡೆ:
ಗೋಡಂಬಿ, ಸಕ್ಕರೆ, ಮೊಟ್ಟೆಯ ಬಿಳಿ,
ಯಾವ ಹಡಗಿನ ಅಡಿಗೆಯವನು ಇಳಿಸಿ ಹೋದನೋ,
ಈಗ ಪೂರಾ ಇಲ್ಲಿಯದೇ.
ಕಡಲ ಕಡೆ ಹೋಗಿ ಬಿಚ್ಚಬೇಡಿ,
ಗಾಳಿ ಸೋಕಿದರೆ ಅಳುತ್ತದೆ, ಎಂದಳು ಕಟ್ಟಿಕೊಟ್ಟವಳು.
ಮುತ್ತು ಕೇಳಿದ್ದಕ್ಕೆ ಚೀಟಿಯ ಹಿಂದೆ
ಅಪ್ಪನ ಮನೆಯ ದಾರಿ ಬರೆದಳು.
"ಜೋರಾಗಿ ಮಾತಾಡಿ. ಪ್ರಯೋಜನವಿಲ್ಲ. ಆದರೂ."

ಬೆವರಿಳಿಯುವ ಊರಿಗೆ ಹಿಮದ ಮಾತೆ!
ಅವಳ ಚರ್ಚು ದಾಟಿ, ಉಪ್ಪು ತಿಂದ ಕಿಟಕಿಗಳ ಗಲ್ಲಿಯಲ್ಲಿ
ಸೂಸೈ ಮೋತ್ತಾ ಮಂಚದ ಮೇಲೆ ಕೂತಿದ್ದರು,
ನೀಲಿ ಲುಂಗಿ, ಎರಡೂ ಕಿವಿ ಕಡಲಿಗೆ ಕೊಟ್ಟವರು.
ಜನ ಶಂಖ ಕಿವಿಗಿಟ್ಟು ಕಡಲು ಕೇಳುತ್ತಾರೆ;
ಹತ್ತು ಮಾರು ಆಳದಲ್ಲಿ ತಮಟೆ ಹರಿದ ದಿನದಿಂದ
ಇವರೊಳಗೆ ಅದೊಂದೇ ಸದ್ದು.

ಕೇಳಿದ್ದಕ್ಕಲ್ಲ, ತಮಗೆ ತೋಚಿದ್ದಕ್ಕೆ ಉತ್ತರ ಕೊಟ್ಟರು.
ಮೊಮ್ಮಗ ಅರ್ಧ ಇಂಗ್ಲಿಷಿನಲ್ಲಿ ದಾಟಿಸಿದ್ದಿಷ್ಟು:
ಮುತ್ತು ಕಂಡವನು ನಮ್ಮಜ್ಜ. ನಾನು ಬರೀ ಶಂಖ.
ಕಾಲಿಗೆ ಕಲ್ಲು, ಸೊಂಟಕ್ಕೆ ಹಗ್ಗ,
ಹಗ್ಗದ ಮೇಲಿನ ತುದಿ ಯಾವತ್ತೂ ಭಾವಮೈದನ ಕೈಯಲ್ಲಿ.
ಅಣ್ಣತಮ್ಮ ಆಗದು,
ಪಾಲು ಪಟ್ಟಿ ಇದ್ದಲ್ಲಿ ಕೈ ಒಂದು ಗಳಿಗೆ ತಡವಾದೀತು.
ಹೆಂಡತಿಯ ತಮ್ಮನಾದರೆ
ಅಕ್ಕನ ತಾಳಿಯನ್ನೇ ನೀರಿಂದೆತ್ತುವ ಹಾಗೆ ಎಳೆಯುತ್ತಾನೆ.

ಮೂವತ್ತು ವರ್ಷ ಎಳೆದ ಲಡಿಸ್ಲಾಸ್.
ಒಂದು ಸಲವೂ ಕೈ ಜಾರಲಿಲ್ಲ.
ಆಮೇಲೆ ಸತ್ತ, ದಡದ ಮೇಲೆ, ಸಕ್ಕರೆ ಕಾಯಿಲೆಗೆ.
ಅವನನ್ನು ಎಳೆಯೋಣವೆಂದರೆ
ಯಾರಿಗೂ ತುದಿ ಸಿಗಲಿಲ್ಲ.

ಅಷ್ಟರಲ್ಲಿ ಮುದುಕರ ಮಣಿಕಟ್ಟು ಹಾರಿತು.
ಆಗ ಕಂಡೆ: ಮಣಿಕಟ್ಟಿನಿಂದ ಹೊರಟ ನೈಲಾನು ಹಗ್ಗ
ಬಾಗಿಲ ಸಂದಿ, ನೀರಿನ ಡ್ರಮ್ಮು, ಶಾಲೆಯ ಚೀಲ ದಾಟಿ
ಅಡಿಗೆಮನೆಗೆ ಹೋಗಿತ್ತು.
ಒಂದು ಜಗ್ಗಿದರೆ ಊಟ, ಎಂದ ಹುಡುಗ.
ಎರಡಾದರೆ ಬಂದವರನ್ನೂ ಎಬ್ಬಿಸಿಕೊಂಡು ಬಾ.
ಮೂರಾದರೆ ಬಯ್ಗುಳ.
ಆ ತುದಿಯಲ್ಲಿ ರೆಮಿಜಿಯಾ, ಮೊಣಕೈವರೆಗೂ ಮಸಾಲೆ,
ತಮ್ಮ ಬಿಟ್ಟುಹೋದ ಕೆಲಸ ವಹಿಸಿಕೊಂಡವಳು.

ಎರಡು ಜಗ್ಗಿದ್ದಳು.
ಉಂಡೆ. ಎಷ್ಟು ಮೀನು ಬಡಿಸಿದಳೆಂದರೆ
ಮುತ್ತಿನ ಮಾತು ಮರೆತೇ ಹೋಯಿತು.
ಮಕ್ರೂನಿನ ಕಟ್ಟು ಬಿಚ್ಚಿದೆ, ಅದಾಗಲೇ ಅತ್ತು ಮುಗಿಸಿತ್ತು.
ಮುದುಕರು ಬೆರಳು ನೆಕ್ಕಿ ನೆಕ್ಕಿ
ಮಗಳ ಕೈಯದಲ್ಲ, ಮೆಷಿನ್ನಿನದು, ಎಂದು ದೂರಿದರು.

ಸಂಜೆಯ ರೈಲು ಉಪ್ಪಿನಾಗರಗಳ ನಡುವೆ
ಸಿಗ್ನಲ್ಲಿಗೆ ನಿಂತಿತು.
ತಾಳೆಗರಿ ಹೊದ್ದ ಬಿಳಿ ಗುಡ್ಡೆಗಳು.
ಉಸಿರು ಹಿಡಿದೇ ಕೂತಿದ್ದೆನೇನೋ,
ಗಾಡಿ ಒಮ್ಮೆ ಜಗ್ಗಿತು.
ಇನ್ನೊಂದಕ್ಕೆ ಕಾದೆ.