ಹಿಂದಿನ ಎರಡು

ತದಡಿ ಧಕ್ಕೆಯಿಂದ ದೇವಿಮನೆ ಘಟ್ಟ ಹತ್ತಿ
ಶಿರಸಿಗೆ ಬಂಗಡೆ ಒಯ್ಯುವ ನನ್ನ ಓಮ್ನಿ,
ಹೋದ ವರ್ಷ ಕೊಂಡ ಹಳೇ ಗಾಡಿ,
ನಿನ್ನೆ ತಿರುವಿನಲ್ಲಿ ಒಂದು ಗೇಣು ಜಾರಿತು.
ಐಸಿನ ನೀರಿರಬೇಕು ಅಂದುಕೊಂಡೆ.

ಮಿರ್ಜಾನದ ಗಾಸ್ಪರ ಕುಕ್ಕರಗಾಲಲ್ಲಿ ಕೂತು
"ಒಂದು ರೂಪಾಯಿ ಕೊಡು ಮಾದೇವಿ" ಅಂದ.
ಸೊಂಟದ ಚೀಲದಿಂದ ಕೊಟ್ಟೆ, ಮೀನು ನಾತದ್ದು.
ಟಯರಿನ ಗೆರೆಯಲ್ಲಿಟ್ಟರೆ ಅದರ ಅಂಚೂ ಮುಳುಗಲಿಲ್ಲ,
ಉರುಳಿ ಅವನ ಚಪ್ಪಲಿಗೆ ಬಡಿಯಿತು.

ಆಮೇಲೆ ಕನ್ನಡಕ ಏರಿಸಿ
ಪಕ್ಕೆಯ ನಾಲ್ಕು ಅಂಕಿ ಓದಿದ,
ಎತ್ತಿನ ಹಲ್ಲು ನೋಡುವವರ ಹಾಗೆ:
"ಹದಿನಾರನೇ ಇಸವಿ, ನಲವತ್ತೊಂದನೇ ವಾರ.
ಆಗ ನಮ್ಮ ಫ್ಲೋರಿನ್ ಇನ್ನೂ ಅಂಬೆಗಾಲು."

ಕಂತು ತೀರಿಲ್ಲ, ಎರಡೇ ಹಾಕು ಅಂದೆ,
ಮುಂದೆ.
"ಹಿಂದೆ" ಅಂದ.
"ಮುಂದಿನದು ಜಾರಿದರೆ ನಿನಗೆ ಗೊತ್ತಾಗ್ತದೆ.
ಹಿಂದಿನದು ಜಾರಿದ್ದು ಗೊತ್ತಾಗುವಷ್ಟರಲ್ಲಿ
ನೀನು ಬಂದ ದಾರಿಯನ್ನೇ ನೋಡ್ತಿರ್ತೀಯ."

ಅವನು ನಟ್ಟು ಬಿಚ್ಚುವಾಗ
ಸವೆದ ಮೈಮೇಲೆ ಹೆಬ್ಬೆರಳಾಡಿಸಿದೆ. ನುಣುಪು.
ಸೊಸೈಟಿಯ ಯಂತ್ರ ಮೂರು ತಿಂಗಳಿಂದ
ಗುರುತು ಹಿಡಿಯದ ಬೆರಳೂ ಇದೇ.
ಐಸು, ಉಪ್ಪು, ಬಂಗಡೆಯ ಹೊಟ್ಟೆ.
"ಇದಕ್ಕೂ ಹೊಸದು ಸಿಗ್ತದಾ?" ಅಂದೆ.
ಗಾಸ್ಪರ ನಗಲಿಲ್ಲ, ಜಾಕು ಇಳಿಸಿದ.

ಹಳೆಯ ಎರಡನ್ನು ಬಿಟ್ಟು ಬರಲಿಲ್ಲ.
ಅಣ್ಣನ ಬೋಟಿನ ಬದಿಗೆ ಕಟ್ಟಿದ್ದೇವೆ.
ಅಲ್ಲಿ ಓಡಬೇಕಿಲ್ಲ,
ಧಕ್ಕೆಯ ಕಲ್ಲಿಗೆ ಮರ ತಾಗದಂತೆ
ನಡುವೆ ಇದ್ದರೆ ಸಾಕು.

ಆ ಒಂದು ರೂಪಾಯಿ ಮಾತ್ರ
ಅವನು ವಾಪಸು ಕೊಡಲಿಲ್ಲ,
ನಾನೂ ಕೇಳಲಿಲ್ಲ.